ಏಂಜಲ್ ಮೀನು ನೋಡಲು ಅಂಡಮಾನಿನ ನೀರಿನೊಳಗೆ

ಅಂಡಮಾನಿನ ಸ್ವರಾಜ್ ದ್ವೀಪಕ್ಕೆ, ಅಂದರೆ ಹಿಂದಿನ ಹ್ಯಾವ್‌ಲಾಕ್‌ಗೆ, ನಾವು ಹೋಗಿದ್ದೇ ಹವಳದ ದಿಬ್ಬಗಳಲ್ಲಿ ಏಂಜಲ್ ಮೀನು ನೋಡಲು. ಆಮೆ ಸಿಕ್ಕರೆ ಖುಷಿ, ಆದರೆ ನನ್ನ ಕಣ್ಣು ಇದ್ದದ್ದು ಈ ಮೀನಿನ ಮೇಲೆ. ಫೆರಿಯಲ್ಲಿ ದ್ವೀಪ ತಲುಪಿ, ಬೆಳಿಗ್ಗೆ ಬೇಗ ದೋಣಿ ಹತ್ತಿ, ಉಸಿರಾಟದ ಗಾಳಿಯ ಟ್ಯಾಂಕ್ ಬೆನ್ನಿಗೇರಿಸಿ ನೀರಿಗೆ ಇಳಿದೆವು.

ಹತ್ತು ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಕೆಂಪು ಬಣ್ಣ ಹೆಚ್ಚುಕಡಿಮೆ ಮಾಯವಾಗಿರುತ್ತದೆ. ನೀರು ಮೊದಲು ಹೀರಿಕೊಳ್ಳುವುದು ಕೆಂಪು ಬೆಳಕನ್ನೇ. ಕೆಂಪು ಹವಳ ಕೂಡ ಅಲ್ಲಿ ಮಂಕಾದ ಕಂದು. ನೀಲಿ ಮಾತ್ರ ಆಳದವರೆಗೂ ಇಳಿಯುತ್ತದೆ, ಹಳದಿಯೂ ಅಷ್ಟು ಬೇಗ ಸೋಲುವುದಿಲ್ಲ. ಏಂಜಲ್ ಮೀನುಗಳಲ್ಲಿ ಎಂಪರರ್ ಎಂಬ ಜಾತಿಯ ಮೈಮೇಲೆ ಇರುವುದು ಮುಖ್ಯವಾಗಿ ಇವೆರಡೇ. ಅದಕ್ಕೇ ಸುತ್ತಲೂ ಎಲ್ಲ ಮಂಕಾಗಿದ್ದಾಗಲೂ ಟಾರ್ಚ್ ಇಲ್ಲದೆಯೇ ಅದು ದೂರದಿಂದ ಎದ್ದು ಕಂಡಿತು.

ಹತ್ತಿರದಿಂದ ನೋಡಬೇಕು ಅದನ್ನು. ನೀಲಿ ಮೈಮೇಲೆ ಬಾಲದ ಕಡೆಗೆ ಓಡುವ ತೆಳುವಾದ ಹಳದಿ ಗೆರೆಗಳು. ಕಣ್ಣಿನ ಮೇಲೆ ಕಪ್ಪು ಪಟ್ಟಿ, ಅದಕ್ಕೆ ಹೊಳೆಯುವ ನೀಲಿ ಅಂಚು. ಕೆನ್ನೆಯ ಕೆಳಗೆ ಹಿಂದಕ್ಕೆ ಚಾಚಿದ ಒಂದು ಗಟ್ಟಿ ಮುಳ್ಳು. ಚಿಟ್ಟೆ ಮೀನಿಗೂ ಏಂಜಲ್ ಮೀನಿಗೂ ಗೊಂದಲವಾದರೆ ಈ ಮುಳ್ಳು ಹುಡುಕಿ, ಚಿಟ್ಟೆ ಮೀನಿಗೆ ಅದು ಇರುವುದಿಲ್ಲ. ನಾವು ಹತ್ತಿರವಾದಾಗ ಅದು ಸರಕ್ಕನೆ ತಿರುಗಿ ಬಂಡೆಯ ಸಂದಿಗೆ ನುಗ್ಗಿತು. ಆಗಲೇ ಯಾರೋ ಬಾಗಿಲು ತಟ್ಟಿದ ಹಾಗೆ ಟಕ್ ಅಂತ ಸದ್ದು! ಗಾಬರಿಯಾದಾಗ ಎಂಪರರ್ ಹೀಗೆ ಸದ್ದು ಮಾಡುತ್ತದೆ ಎಂದು ಓದಿದ್ದೆ, ಆದರೆ ಇಷ್ಟು ಜೋರಾಗಿರುತ್ತದೆ ಅಂದುಕೊಂಡಿರಲಿಲ್ಲ.

ಹಿಂದೆ ಹೋದರೆ ಸಿಗುವ ಮೀನಲ್ಲ ಇದು. ನೀರಿನೊಳಗೆ ನಮಗೆ ದಾರಿ ತೋರಿಸುತ್ತಿದ್ದ ಡೈವ್ ಮಾಸ್ಟರ್ ಕೈ ತೋರಿಸಿ ಅಲ್ಲೇ ನಿಲ್ಲಲು ಹೇಳಿದರು. ಹವಳ ಮುಟ್ಟದೆ, ಕಾಲಿಗೆ ತೊಟ್ಟ ಫಿನ್ ಆಡಿಸದೆ, ನಿಧಾನವಾಗಿ ಉಸಿರಾಡುತ್ತಾ ತೇಲುತ್ತಿದ್ದೆವು. ಇದರ ಮುಖ್ಯ ಆಹಾರ ಬಂಡೆಗೆ ಅಂಟಿ ಬೆಳೆಯುವ ಸ್ಪಂಜು, ದೊಡ್ಡ ಗಂಡು ತನ್ನದೇ ಜಾಗ ಕಾಯುತ್ತಾ ಸುತ್ತು ಹೊಡೆಯುತ್ತಿರುತ್ತದೆ. ಹಾಗಾಗಿ ಹೋದದ್ದು ಹೋದ ದಾರಿಯಲ್ಲೇ ವಾಪಸ್ ಬರುವ ಸಾಧ್ಯತೆ ಜಾಸ್ತಿ. ಬಂದೇ ಬಂತು. ಒಂದು ಕಣ್ಣು ನಮ್ಮ ಮೇಲಿಟ್ಟು ಸ್ಪಂಜು ಕಚ್ಚಿತು, ಮುಂದೆ ಹೋಯಿತು, ಮತ್ತೆ ಕಚ್ಚಿತು. ಇಡೀ ದಿಬ್ಬ ಸುತ್ತಿ ಬಂದವರಿಗೆ ಇದು ಸಿಗುವುದಿಲ್ಲ ಅಂತ ನನಗೆ ಖಂಡಿತ ಅನ್ನಿಸುತ್ತದೆ.

ನಿಂತಿದ್ದಕ್ಕೆ ಇನ್ನೊಂದು ಲಾಭವೂ ಆಯಿತು. ಕೆಳಗಿನ ಪೊಟರೆಯಲ್ಲಿ ಒಂದು ಮರಿ ಇತ್ತು. ಮರಿಗೆ ಹಳದಿ ಗೆರೆಯೇ ಇಲ್ಲ, ಕಡುನೀಲಿ ಮೈಮೇಲೆ ಒಂದರೊಳಗೊಂದು ಬಿಳಿ ಸುತ್ತುಗಳು, ನೋಡಿದರೆ ಬೇರೆಯೇ ಮೀನು. ಹಳೆಯ ವಿಜ್ಞಾನಿಗಳು ಕೂಡ ಹಾಗೇ ನಂಬಿದ್ದರು. ದೊಡ್ಡ ಮೀನಿಗೆ 1787ರಲ್ಲಿ ಒಂದು ಹೆಸರು ಬಿತ್ತು, ಮರಿಗೆ 1801ರಲ್ಲಿ ನಿಕೋಬಾರ್ ದ್ವೀಪಗಳ ಹೆಸರಲ್ಲೇ ಇನ್ನೊಂದು. ಎರಡೂ ಒಂದೇ ಎಂದು ಗೊತ್ತಾಗಿದ್ದು ಆಮೇಲೆ. ಮರಿಗೆ ಬೇರೆ ವೇಷ ಯಾಕೆ? ದೊಡ್ಡ ಮೀನು ತನ್ನಂತೆಯೇ ಕಾಣುವವರನ್ನು ಜಾಗದಿಂದ ಓಡಿಸುತ್ತದೆ, ಬೇರೆ ಬಣ್ಣದ ಮರಿಯನ್ನು ಸುಮ್ನೆ ಬಿಡುತ್ತದೆ ಎಂಬುದು ಹೆಚ್ಚಿನವರು ಕೊಡುವ ಕಾರಣ. ನಮ್ಮ ಮುಂದೆಯೂ ಎಂಪರರ್ ಆ ಪೊಟರೆ ದಾಟಿ ಹೋಯಿತು, ಮರಿಯ ಕಡೆ ತಿರುಗಲಿಲ್ಲ.

ಇನ್ನೊಂದು ಜಾತಿಯಾದ ರೀಗಲ್ ಏಂಜಲ್ ಕೂಡ ಕಂಡಿತು, ಕಿತ್ತಳೆ, ಬಿಳಿ, ನೀಲಿ ಪಟ್ಟೆಗಳದ್ದು. ಕ್ಷಣದಲ್ಲೇ ಸಂದಿಯೊಳಗೆ ಮರೆ.

ಬೇಸರದ ಮಾತೂ ಒಂದಿದೆ. 2010ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಚಿಕೊಂಡಿತ್ತು. ಸತ್ತ ಕೊಂಬೆ ಹವಳದ ಚೂರುಗಳು ಕೆಲವು ಕಡೆ ರಾಶಿ ಬಿದ್ದಿದ್ದವು. ಅಷ್ಟು ಕಷ್ಟಪಟ್ಟು ಉಳಿದಿರುವ ಹವಳದ ಮೇಲೆ ಫೋಟೋಗೋಸ್ಕರ ಮೊಣಕಾಲೂರಿ ಕೂತವರನ್ನೂ ನೋಡಿದೆವು, ಮನಸ್ಸಿಗೆ ನೋವಾಯಿತು. ನೀರಿನಲ್ಲಿ ನಿಂತಲ್ಲೇ ತೇಲುವುದನ್ನು ಮೊದಲು ಚೆನ್ನಾಗಿ ಕಲಿತು, ಕ್ಯಾಮೆರಾ ಆಮೇಲೆ ತೆಗೆದುಕೊಂಡು ಹೋಗಿ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಹೋದರೆ ಸಮುದ್ರ ಸಾಮಾನ್ಯವಾಗಿ ಶಾಂತ, ನೀರೂ ತಿಳಿ. ಒಂದೇ ಬಂಡೆಯ ಹತ್ತಿರ ಜಾಸ್ತಿ ಹೊತ್ತು ಇರಬೇಕು ಅಂತ ನಿಮ್ಮ ಡೈವ್ ಮಾಸ್ಟರ್‌ಗೆ ದೋಣಿಯಲ್ಲೇ ಹೇಳಿಬಿಡಿ.