ಸೇತುವೆ ದಾಟಿದ ಮೇಲೆ

ಮೂರು ವರ್ಷದ ಹಿಂದೆ ನಾವು ವರ್ಜೀನಿಯಾದ ಆರ್ಲಿಂಗ್ಟನ್‌ನಿಂದ ವಾಷಿಂಗ್ಟನ್ ಡಿ.ಸಿ.ಗೆ ಮನೆ ಬದಲಿಸಿದೆವು. ದೂರ ಏನಿಲ್ಲ, ಪೊಟೊಮ್ಯಾಕ್ ನದಿಯ ಮೇಲಿನ ಕೀ ಬ್ರಿಡ್ಜ್ ದಾಟಿದರೆ ಆಯ್ತು. ಒಗ್ಗರಣೆ ಡಬ್ಬಿ, ಇಡ್ಲಿ ಪಾತ್ರೆ, ದೇವರ ಫೋಟೊ ಎಲ್ಲ ಎರಡೇ ಟ್ರಿಪ್ಪಿಗೆ ಬಂದವು. ನನ್ನ ವೋಟು ಮಾತ್ರ ಆಚೆ ದಡದಲ್ಲೇ ಉಳಿಯಿತು.

ಅಲ್ಲಿ ನನಗೆ ಸಂಸತ್ತಿನ ಮೇಲ್ಮನೆ ಸೆನೆಟ್‌ನಲ್ಲಿ ಇಬ್ಬರು ಸೆನೆಟರ್‌ಗಳಿದ್ದರು, ಕೆಳಮನೆ ಹೌಸ್‌ನಲ್ಲಿ ಒಬ್ಬ ಸದಸ್ಯರಿದ್ದರು. ಡಿ.ಸಿ. ರಾಜ್ಯವಲ್ಲ, ಹಾಗಾಗಿ ಇಲ್ಲಿ ಸೆನೆಟರೇ ಇಲ್ಲ. ಹೌಸ್‌ಗೆ ಒಬ್ಬ ಡೆಲಿಗೇಟ್ ಹೋಗುತ್ತಾರೆ. 1991ರಲ್ಲಿ ಆ ಸ್ಥಾನಕ್ಕೆ ಬಂದ ಎಲೀನರ್ ಹೋಮ್ಸ್ ನಾರ್ಟನ್ ದಶಕಗಟ್ಟಲೆ ನಮ್ಮ ಪರವಾಗಿ ಮಾತಾಡಿದ್ದಾರೆ, ಸಮಿತಿಗಳಲ್ಲಿ ಕೂತಿದ್ದಾರೆ. ಆದರೆ ಮಸೂದೆ ಪಾಸು ಮಾಡುವ ಕೊನೆಯ ವೋಟು ಹಾಕೋ ಹಕ್ಕು ಅವರಿಗಿಲ್ಲ.

2024ರ ಚುನಾವಣೆಗೆ ಬ್ಯಾಲೆಟ್ ಅಂಚೆಯಲ್ಲಿ ಮನೆಗೇ ಬಂತು. ಊಟದ ಮೇಜಿನ ಮೇಲೆ ಬಿಡಿಸಿ ಓದಿದೆ. ಅಧ್ಯಕ್ಷರು, ಡೆಲಿಗೇಟ್, ಮತ್ತೆ ‘ಸೆನೆಟರ್’ ಅಂತಲೂ ಇತ್ತು. ಒಂದು ಕ್ಷಣ ಖುಷಿಯಾಯಿತು. ಕೇಳಿ ನೋಡಿದರೆ ಇದು ‘ಶ್ಯಾಡೋ ಸೆನೆಟರ್’ ಹುದ್ದೆಯಂತೆ. ಡಿ.ಸಿ.ಗೆ ರಾಜ್ಯದ ಸ್ಥಾನ ಕೊಡಿ ಅಂತ ಸಂಸದರ ಬಾಗಿಲು ತಟ್ಟುವುದು ಅವರ ಕೆಲಸ. ಸಂಬಳವಿಲ್ಲ, ಸೆನೆಟ್‌ನಲ್ಲಿ ಕುರ್ಚಿಯೂ ಇಲ್ಲ. ಆ ಸಲ ಗೆದ್ದವರು ಅಂಕಿತ್ ಜೈನ್. ನಮ್ಮ ಕಡೆಯ ಹೆಸರು ಕಂಡು ಹೆಮ್ಮೆಯೂ ಆಯಿತು, ಸಂಕಟವೂ ಆಯಿತು.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ನಂಬಲೇ ಇಲ್ಲ. “ಅದು ರಾಜಧಾನಿ ಅಲ್ವೇನೇ? ನಿನ್ನ ತಮ್ಮ ದೆಹಲೀಲಿ ಎಂಪಿಗೆ ವೋಟ್ ಹಾಕ್ತಾನಲ್ಲ?” ಹೌದು, ದೆಹಲಿಗೆ ಲೋಕಸಭೆಯಲ್ಲಿ 7 ಸ್ಥಾನ, ರಾಜ್ಯಸಭೆಯಲ್ಲಿ 3.

ಇಲ್ಲಿ ಹೀಗಾಗಲು ಒಂದು ಹಳೇ ಭಯ ಕಾರಣ. 1783ರಲ್ಲಿ ಸಂಬಳ ಸಿಗದ ಸೈನಿಕರು ಫಿಲಡೆಲ್ಫಿಯಾದಲ್ಲಿ ಸಂಸತ್ತಿಗೆ ಮುತ್ತಿಗೆ ಹಾಕಿದರು. ಪೆನ್ಸಿಲ್ವೇನಿಯಾ ಸರ್ಕಾರ ಸಹಾಯಕ್ಕೆ ಬರಲಿಲ್ಲ. ಆಮೇಲೆ ರಾಜಧಾನಿ ಯಾವ ರಾಜ್ಯದ ಕೈಯಲ್ಲೂ ಇರಬಾರದು ಅಂತ ಸಂವಿಧಾನದಲ್ಲೇ ಬರೆದರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ 2020ರ ಜನಗಣತಿಯಲ್ಲಿ ಇಲ್ಲಿದ್ದವರು 6,89,545 ಜನ. ವಯೋಮಿಂಗ್ ರಾಜ್ಯದಲ್ಲಿ 5,76,851. ಅವರಿಗೆ ಇಬ್ಬರು ಸೆನೆಟರ್‌ಗಳು. ಕೇಂದ್ರದ ಆದಾಯ ತೆರಿಗೆ ಮಾತ್ರ ಅವರ ಹಾಗೇ ನಾವೂ ಕಟ್ಟುತ್ತೇವೆ.

ನನಗೆ ಜಾಸ್ತಿ ನೋವಾಗುವುದು ಇದಕ್ಕೆ. ಆರ್ಲಿಂಗ್ಟನ್ ಕೂಡ ಮೊದಲು ರಾಜಧಾನಿಯ ಭಾಗವೇ ಆಗಿತ್ತು. 1847ರಲ್ಲಿ ಆ ದಡ ವರ್ಜೀನಿಯಾಕ್ಕೆ ವಾಪಸ್ ಹೋಯಿತು, ಅಲ್ಲಿಯವರು ಮತ್ತೆ ವರ್ಜೀನಿಯಾದ ಮತದಾರರಾದರು. ಇನ್ನೊಂದು ಮಾತು. ನಾನು ಆರ್ಲಿಂಗ್ಟನ್ ಬಿಟ್ಟು ಬೆಂಗಳೂರಿಗೇ ವಾಪಸ್ ಹೋಗಿದ್ದರೂ, ಅಮೆರಿಕದ ಪ್ರಜೆಯಾಗಿ ಅಲ್ಲಿಂದಲೇ ವರ್ಜೀನಿಯಾದ ಸೆನೆಟರ್‌ಗೆ ವೋಟು ಹಾಕಬಹುದಿತ್ತು. ಸಂಸತ್ ಭವನದಿಂದ ಮೂರು ಮೈಲಿ ದೂರದಲ್ಲಿದ್ದು ಹಾಕುವ ಹಾಗಿಲ್ಲ.

ಪಕ್ಕದ ಮನೆಯ ಅಜ್ಜಿಗೆ 84 ವರ್ಷ. ಹುಟ್ಟಿದ್ದು, ಬೆಳೆದಿದ್ದು ಎಲ್ಲ ಇದೇ ಊರಲ್ಲಿ. 1961ರ ಸಂವಿಧಾನ ತಿದ್ದುಪಡಿಯಾದ ಮೇಲೆ, 1964ರಲ್ಲಿ ಈ ಊರಿನವರು ಮೊದಲ ಸಲ ಅಧ್ಯಕ್ಷರ ಚುನಾವಣೆಯಲ್ಲಿ ವೋಟು ಹಾಕಿದರು. ಅವತ್ತು ಸಾಲಿನಲ್ಲಿ ನಿಂತಿದ್ದನ್ನು ಅವರು ಈಗಲೂ ಹೇಳುತ್ತಾರೆ. ಸೆನೆಟರ್‌ಗೆ ಮಾತ್ರ ಇವತ್ತಿನವರೆಗೂ ಹಾಕಿಲ್ಲ. ಕಳೆದ ಚಳಿಗಾಲ ಅವರ ಕಾರಿನ ಮೇಲಿನ ಹಿಮ ಕೆರೆದು ಕೊಡುತ್ತಿದ್ದೆ. ನಂಬರ್ ಪ್ಲೇಟಿನ ಕೆಳಗಿನ ಸಾಲು ಒಂದೊಂದೇ ಅಕ್ಷರವಾಗಿ ಕಾಣಿಸಿತು: ಪ್ರಾತಿನಿಧ್ಯವಿಲ್ಲದ ತೆರಿಗೆ ಕೊನೆಯಾಗಲಿ. ಅಜ್ಜಿ ಬಾಗಿಲಲ್ಲೇ ನಿಂತು, “ಅದನ್ನ ಚೆನ್ನಾಗಿ ಒರೆಸಮ್ಮ” ಅಂದರು.

ಡಿ.ಸಿ.ಯನ್ನು ರಾಜ್ಯ ಮಾಡುವ ಮಸೂದೆ ಹೌಸ್‌ನಲ್ಲಿ 2020ರಲ್ಲಿ ಒಮ್ಮೆ, 2021ರ ಏಪ್ರಿಲ್‌ನಲ್ಲಿ 216–208ರಿಂದ ಇನ್ನೊಮ್ಮೆ ಪಾಸಾಯಿತು. ಎರಡು ಸಲವೂ ಸೆನೆಟ್‌ನಲ್ಲಿ ನಿಂತುಹೋಯಿತು. ಟೆಕ್ಸಾಸ್, ಒಹಾಯೊ, ಫ್ಲಾರಿಡಾದಲ್ಲಿರುವ ಕನ್ನಡದವರೇ, ನಿಮ್ಮ ಸೆನೆಟರ್ ಆಫೀಸಿಗೆ ಒಂದು ಫೋನ್ ಮಾಡಿ. ಐದು ನಿಮಿಷದ ಕೆಲಸ. ಅಜ್ಜಿಯ ವಿಷಯ ಹೇಳಿ.