ದೂರದ ಯುದ್ಧ, ಮನೆಯ ಲೆಕ್ಕ

ವಿಯೆಟ್ನಾಂ ಯುದ್ಧದ ಬಗ್ಗೆ ಬಹುತೇಕ ಎಲ್ಲರೂ ನಂಬಿಕೊಂಡು ಬಂದಿರುವ ಒಂದು ಕಥೆಯಿದೆ. 1968ರ ಜನವರಿಯ ಕೊನೆಯಲ್ಲಿ, ವಿಯೆಟ್ನಾಮಿನ ಹೊಸವರ್ಷದ ಟೆಟ್ ಹಬ್ಬದ ಹೊತ್ತಿಗೆ, ಉತ್ತರ ವಿಯೆಟ್ನಾಮಿನ ಸೇನೆಯೂ ವಿಯೆಟ್‌ಕಾಂಗ್ ಗೆರಿಲ್ಲಾಗಳೂ ಅಮೆರಿಕದ ಬೆಂಬಲವಿದ್ದ ದಕ್ಷಿಣ ವಿಯೆಟ್ನಾಮಿನ ನಗರಗಳ ಮೇಲೆ ಒಮ್ಮೆಲೇ ಎರಗಿದರು. ದಕ್ಷಿಣದ ರಾಜಧಾನಿ ಸೈಗಾನಿನ ಅಮೆರಿಕನ್ ರಾಯಭಾರ ಕಚೇರಿಯ ಆವರಣದೊಳಗೇ ಗುಂಡಿನ ಕಾಳಗ ನಡೆಯಿತು. ಫೆಬ್ರವರಿ 27ರಂದು ಅಮೆರಿಕದ ಸಿಬಿಎಸ್ ವಾಹಿನಿಯ ಹೆಸರಾಂತ ಸುದ್ದಿವಾಚಕ ವಾಲ್ಟರ್ ಕ್ರಾಂಕೈಟ್, ಈ ಯುದ್ಧ ಸೋಲು ಗೆಲುವಿಲ್ಲದೆ ಅಲ್ಲೇ ಹೂತುಹೋಗುವಂತೆ ಕಾಣುತ್ತಿದೆ ಎಂದು ಟೀವಿಯಲ್ಲಿ ಹೇಳಿದರು. ಅಂದಿನಿಂದ ಅಮೆರಿಕದ ಜನ ಯುದ್ಧದ ವಿರುದ್ಧ ತಿರುಗಿದರು. ಹೇಳುವುದಕ್ಕೂ ಕೇಳುವುದಕ್ಕೂ ಚೆನ್ನಾಗಿರುವ ಈ ಕಥೆಗೆ ಜನಾಭಿಪ್ರಾಯ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆಯ ಅಂಕಿಗಳು ಮಾತ್ರ ಒಗ್ಗುವುದಿಲ್ಲ.

ಗ್ಯಾಲಪ್ 1965ರಿಂದ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತ ಬಂದಿತ್ತು: ವಿಯೆಟ್ನಾಮಿಗೆ ಸೈನ್ಯ ಕಳಿಸಿದ್ದು ತಪ್ಪೇ? 1965ರ ಆಗಸ್ಟಿನಲ್ಲಿ ತಪ್ಪು ಎಂದವರು ಶೇ 24. 1967ರ ಅಕ್ಟೋಬರಿನಲ್ಲಿ, ಅಂದರೆ ಟೆಟ್ ದಾಳಿಗೆ ಮೂರು ತಿಂಗಳು ಮೊದಲೇ, ಆ ಪ್ರಮಾಣ ಶೇ 47ಕ್ಕೆ ಏರಿ, ತಪ್ಪಲ್ಲ ಎಂದ ಶೇ 44 ಮಂದಿಯನ್ನು ಹಿಂದೆ ಹಾಕಿತ್ತು. ದಾಳಿಯ ಬೆನ್ನಿಗೇ ಆದದ್ದು ಇನ್ನೂ ವಿಚಿತ್ರ: ಯುದ್ಧವನ್ನು ಮತ್ತಷ್ಟು ಉಗ್ರಗೊಳಿಸಬೇಕು ಎನ್ನುವವರ ಸಂಖ್ಯೆ ಕೆಲಕಾಲ ಹೆಚ್ಚಿತು. ತಪ್ಪು ಎಂದವರೆಲ್ಲ ಶಾಂತಿವಾದಿಗಳೆಂದು ತಿಳಿಯುವಂತಿಲ್ಲ ಎನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಹೊಡೆಯುವುದಾದರೆ ಪೂರ್ತಿ ಹೊಡೆಯಿರಿ, ಇಲ್ಲವಾದರೆ ಮರಳಿ ಬನ್ನಿ ಎನ್ನುವವರೂ ಆ ಲೆಕ್ಕದಲ್ಲಿದ್ದರು.

ಹಾಗಾದರೆ ಜನರ ಮನಸ್ಸನ್ನು ಬದಲಿಸಿದ್ದು ಯಾವುದು? 1967ರ ಕೊನೆಗೆ ಸತ್ತ ಅಮೆರಿಕನ್ ಸೈನಿಕರ ಸಂಖ್ಯೆ ಸುಮಾರು 20 ಸಾವಿರ ತಲುಪಿತ್ತು; ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸಾವು ಅದೊಂದೇ ವರ್ಷದವು. ಅದೇ ವರ್ಷ ಅಧ್ಯಕ್ಷ ಜಾನ್ಸನ್ ಆದಾಯ ತೆರಿಗೆಯ ಮೇಲೆ ಶೇ 10ರ ಸರ್ಚಾರ್ಜ್ ಕೇಳಿದ್ದರು. ರಾಜಕೀಯ ವಿಜ್ಞಾನಿ ಜಾನ್ ಮುಲ್ಲರ್ 1970ರ ದಶಕದ ಆರಂಭದಲ್ಲಿ ಕೊರಿಯಾ ಮತ್ತು ವಿಯೆಟ್ನಾಂ ಯುದ್ಧಗಳನ್ನು ಅಕ್ಕಪಕ್ಕ ಇಟ್ಟು ನೋಡಿ, ಸತ್ತವರ ಸಂಖ್ಯೆ ಬೆಳೆದಂತೆ ಎರಡರಲ್ಲೂ ಬೆಂಬಲ ಹೆಚ್ಚುಕಡಿಮೆ ಒಂದೇ ರೀತಿಯಲ್ಲಿ ಇಳಿದಿತ್ತು ಎಂದು ತೋರಿಸಿದರು. ಮೊದಲ ಸಾವುಗಳ ಪೆಟ್ಟು ಜೋರು, ಆಮೇಲಿನವುಗಳದ್ದು ಕಡಿಮೆ. ಕೊರಿಯಾ ಯುದ್ಧದ ಕಾಲದಲ್ಲಿ ಬೀದಿಯಲ್ಲಿ ಪ್ರತಿಭಟನೆಯಿರಲಿಲ್ಲ, ಮನೆಮನೆಯಲ್ಲಿ ಟೀವಿಯೂ ಇರಲಿಲ್ಲ; ಆದರೂ 1950ರ ನವೆಂಬರಿನಲ್ಲಿ ಚೀನಾ ದೊಡ್ಡ ಪಡೆಯೊಂದಿಗೆ ಎದುರಾದ ಮೇಲೆ ಕೆಲವೇ ತಿಂಗಳಲ್ಲಿ ಜನಬೆಂಬಲ ಕುಸಿಯಿತು. ಹಾಗಾಗಿ ವಿಯೆಟ್ನಾಂ ಯುದ್ಧವನ್ನು ಟೀವಿ ಸೋಲಿಸಿತು ಎಂದು ಕೆಲವರು ಸಿಟ್ಟಿನಿಂದಲೂ ಇನ್ನು ಕೆಲವರು ಹೆಮ್ಮೆಯಿಂದಲೂ ಹೇಳುವ ಮಾತನ್ನು ನಾನು ಅನುಮಾನದಿಂದಲೇ ಕೇಳುತ್ತೇನೆ. ವಿದ್ಯಾರ್ಥಿಗಳ ಚಳವಳಿಯ ಚಿತ್ರಗಳು ಕಣ್ಣಮುಂದಿರುವುದರಿಂದ ಯುವಜನರು ಯುದ್ಧವಿರೋಧಿಗಳು, ಹಿರಿಯರು ಯುದ್ಧಪರರು ಎಂದು ಅಂದುಕೊಳ್ಳುವುದೂ ಇಂಥದ್ದೇ ನಂಬಿಕೆ. ಸಮೀಕ್ಷೆಗಳಲ್ಲಿ ಯುದ್ಧವನ್ನು ಹೆಚ್ಚು ಬೆಂಬಲಿಸುತ್ತಿದ್ದವರು ಮೂವತ್ತರೊಳಗಿನವರು. ಹೆಚ್ಚು ಅನುಮಾನವಿದ್ದದ್ದು ವಯಸ್ಸಾದವರಿಗೆ.

ಇದನ್ನೆಲ್ಲ ಓದುತ್ತ ಹೋದಂತೆ ನನಗೆ ಗಟ್ಟಿಯಾಗುತ್ತ ಬಂದ ಅಭಿಪ್ರಾಯ ಇಷ್ಟು: ವಿದೇಶದಲ್ಲಿ ನಡೆಯುವ ಯುದ್ಧದ ಬಗೆಗಿನ ಜನಾಭಿಪ್ರಾಯವು ಬಹುಮಟ್ಟಿಗೆ ಆ ವಿದೇಶದ ಬಗೆಗಿನ ಅಭಿಪ್ರಾಯವೇ ಅಲ್ಲ. ಜನ ಲೆಕ್ಕ ಹಾಕುವುದು ತಮ್ಮ ಹುಡುಗರ ಸಾವನ್ನು, ತಮ್ಮ ತೆರಿಗೆಯನ್ನು, ತಾವು ನಂಬಿದ ನಾಯಕನ ಮಾತನ್ನು. ವಿಯೆಟ್ನಾಮಿನ ಕಡೆ ಸತ್ತವರು ಲಕ್ಷಗಟ್ಟಲೆ. ಮುಲ್ಲರ್ ಗುರುತಿಸಿದ ಇಳಿಕೆಯ ಲೆಕ್ಕದಲ್ಲಿ ಅವರಿಗೆ ಜಾಗವೇ ಇಲ್ಲ.

ಯುದ್ಧದ ಆರಂಭದಲ್ಲಿ ನಾಯಕನ ಹಿಂದೆ ಜನ ಒಟ್ಟಾಗುವುದನ್ನೂ ಹೀಗೆಯೇ ನೋಡಬೇಕು. 2001ರ ಸೆಪ್ಟೆಂಬರ್ 11ರ ದಾಳಿಗೆ ಮುಂಚೆ ಜಾರ್ಜ್ ಡಬ್ಲ್ಯೂ. ಬುಷ್ ಅವರ ಕಾರ್ಯವೈಖರಿಯನ್ನು ಮೆಚ್ಚಿದವರು ಶೇ 51, ಎರಡು ವಾರದೊಳಗೆ ಶೇ 90. ಅವರ ತಂದೆ, ಆಗಿನ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯೂ. ಬುಷ್ ಅವರಿಗೆ, ಇರಾಕ್ ವಿರುದ್ಧದ 1991ರ ಕೊಲ್ಲಿ ಯುದ್ಧ ಮುಗಿದಾಗ ಶೇ 89ರ ಮೆಚ್ಚುಗೆಯಿತ್ತು. ಮರುವರ್ಷದ ಚುನಾವಣೆಯಲ್ಲಿ ಅವರು ಸೋತರು. ದೇಶಪ್ರೇಮ ಉಕ್ಕಿತು ಎಂದಷ್ಟೇ ಹೇಳಿ ಇದನ್ನು ಮುಗಿಸುವಂತಿಲ್ಲ, ಏಕೆಂದರೆ ಅಂಥ ಹೊತ್ತಿನಲ್ಲಿ ವಿರೋಧ ಪಕ್ಷವೂ ಬಾಯಿ ಮುಚ್ಚಿಕೊಂಡಿರುತ್ತದೆ, ಜನರ ಕಿವಿಗೆ ಬೀಳುವುದು ಒಂದೇ ದನಿ. 1964ರ ಆಗಸ್ಟಿನಲ್ಲಿ, ವಿಯೆಟ್ನಾಮಿನಲ್ಲಿ ಸೇನೆ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಟ್ಟ ಟೊಂಕಿನ್ ಕೊಲ್ಲಿ ನಿರ್ಣಯ ಅಮೆರಿಕದ ಕೆಳಮನೆಯಲ್ಲಿ 416–0, ಸೆನೆಟ್‌ನಲ್ಲಿ 88–2 ಮತಗಳಿಂದ ಅಂಗೀಕಾರವಾಯಿತು. ಪ್ರತಿನಿಧಿಗಳಲ್ಲೇ ಹೆಚ್ಚುಕಡಿಮೆ ಭಿನ್ನಮತವಿಲ್ಲದಾಗ ಸಾಮಾನ್ಯ ಓದುಗನಿಗೆ ಸಂಶಯ ಎಲ್ಲಿಂದ ಹುಟ್ಟಬೇಕು? ಆ ಮೌನದಲ್ಲಿ ಸುಳ್ಳೂ ಸುಲಭವಾಗಿ ಹರಡುತ್ತದೆ. 1990ರ ಅಕ್ಟೋಬರಿನಲ್ಲಿ, ಇರಾಕ್ ಕುವೈತನ್ನು ಆಕ್ರಮಿಸಿಕೊಂಡಿದ್ದಾಗ, ಹದಿನೈದರ ಹುಡುಗಿಯೊಬ್ಬಳು, ಇರಾಕಿ ಸೈನಿಕರು ಕುವೈತಿನ ಆಸ್ಪತ್ರೆಯಲ್ಲಿ ಶಿಶುಗಳನ್ನು ಇನ್‌ಕ್ಯುಬೇಟರಿನಿಂದ ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು ಎಂದು ಅಮೆರಿಕದ ಸಂಸದರ ಎದುರು ಕಣ್ಣೀರಿಟ್ಟಳು. ಆಕೆ ಕುವೈತ್ ರಾಯಭಾರಿಯ ಮಗಳೆಂಬುದು, ಆ ಪ್ರಚಾರದ ಹಿಂದೆ ಹಣ ಪಡೆದ ಪಬ್ಲಿಕ್ ರಿಲೇಷನ್ಸ್ ಕಂಪನಿಯೊಂದು ಇತ್ತೆಂಬುದು ಬಯಲಾಗುವ ಹೊತ್ತಿಗೆ ಕೊಲ್ಲಿ ಯುದ್ಧ ಮುಗಿದಿತ್ತು. 2003ರ ಆಗಸ್ಟಿನಲ್ಲಿ, ಅಮೆರಿಕ ಇರಾಕ್ ಮೇಲೆ ಆಕ್ರಮಣ ಮಾಡಿ ಸುಮಾರು ಐದು ತಿಂಗಳಾದ ಮೇಲೂ, ಸೆಪ್ಟೆಂಬರ್ 11ರ ದಾಳಿಯಲ್ಲಿ ಸದ್ದಾಂ ಹುಸೇನನ ಕೈವಾಡ ಇದ್ದಿರಬಹುದೆಂದು ಶೇ 69 ಅಮೆರಿಕನ್ನರು ವಾಷಿಂಗ್ಟನ್ ಪೋಸ್ಟ್ ಸಮೀಕ್ಷೆಯಲ್ಲಿ ಹೇಳಿದ್ದರು.

ಇರಾಕಿನಿಂದೀಚೆಗೆ ಮುಲ್ಲರ್ ಲೆಕ್ಕವೂ ಸಾಲದಾಯಿತು. ವಿಯೆಟ್ನಾಂ ವಿಷಯದಲ್ಲಿ ಡೆಮಾಕ್ರಟ್ ಮತ್ತು ರಿಪಬ್ಲಿಕನ್ ಮತದಾರರ ನಡುವೆ ಅಂತರ ಚಿಕ್ಕದಿತ್ತು. ಇರಾಕ್ ವಿಷಯದಲ್ಲಿ ಎರಡೂ ಪಕ್ಷದವರ ಎದುರಿಗಿದ್ದ ಸೈನಿಕರ ಸಾವುಗಳು ಅವೇ, ಸುದ್ದಿಯೂ ಅದೇ. ಆದರೂ ಡೆಮಾಕ್ರಟರು ಯುದ್ಧದಿಂದ ದೂರ ಸರಿದರು, ರಿಪಬ್ಲಿಕನ್ನರು ಬಹುಕಾಲ ಕದಲಲಿಲ್ಲ. ಸಾವಿನ ಸಂಖ್ಯೆಯೊಂದೇ ಮನಸ್ಸು ಬದಲಿಸುವುದಾದರೆ ಹೀಗಾಗಬಾರದಿತ್ತು. ಆಡಮ್ ಬೆರಿನ್ಸ್ಕಿಯಂಥ ಸಂಶೋಧಕರು ಹೇಳುವಂತೆ ಜನ ತಮ್ಮ ಪಕ್ಷದ ಮುಖಂಡರ ಕಡೆ ನೋಡಿ ತಮ್ಮ ನಿಲುವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಉಕ್ರೇನಿನ ವಿಷಯ ಇದಕ್ಕೆ ಇನ್ನೂ ಚೊಕ್ಕ ಉದಾಹರಣೆ, ಏಕೆಂದರೆ ಅಮೆರಿಕ ಅಲ್ಲಿಗೆ ಕಳಿಸಿದ್ದು ಹಣ ಮತ್ತು ಶಸ್ತ್ರಗಳನ್ನು, ತನ್ನ ಸೇನೆಯನ್ನಲ್ಲ. ನೆರವು ಅತಿಯಾಯಿತು ಎಂದ ರಿಪಬ್ಲಿಕನ್ನರು 2022ರ ಮಾರ್ಚ್‌ನ ಪ್ಯೂ ಸಂಶೋಧನಾ ಸಂಸ್ಥೆಯ ಸಮೀಕ್ಷೆಯಲ್ಲಿ ಶೇ 9 ಇದ್ದರೆ 2023ರ ಕೊನೆಗೆ ಅರ್ಧದ ಸಮೀಪಕ್ಕೆ ಬಂದಿದ್ದರು. ಈ ನಡುವೆ ಬದಲಾದದ್ದರಲ್ಲಿ ಮುಖ್ಯವಾದದ್ದು ಆ ಪಕ್ಷದ ಪ್ರಮುಖರ ಮಾತು ಎಂದೇ ನನ್ನ ಅನಿಸಿಕೆ.

1973ರಲ್ಲಿ ಅಮೆರಿಕದಲ್ಲಿ ಕಡ್ಡಾಯ ಸೇನಾಭರ್ತಿ ನಿಂತಿತೆಂಬುದನ್ನೂ ಇದರ ಜೊತೆಗಿಟ್ಟು ನೋಡಬೇಕು. ಇಷ್ಟಪಟ್ಟು ಸೇನೆ ಸೇರಿದವರಷ್ಟೇ ಯುದ್ಧಕ್ಕೆ ಹೋಗುವಾಗ ಬಹುಪಾಲು ಮನೆಗಳಿಗೆ ಅದರ ಬಿಸಿ ತಟ್ಟುವುದಿಲ್ಲ. ಅಫ್ಘಾನಿಸ್ತಾನದ ಯುದ್ಧ ಇಪ್ಪತ್ತು ವರ್ಷ ನಡೆಯಲು ಸಾಧ್ಯವಾದದ್ದು ಜನ ಅದನ್ನು ಒಪ್ಪಿದ್ದರಿಂದ ಎನ್ನುವುದಕ್ಕಿಂತ ಮರೆತದ್ದರಿಂದ ಎನ್ನುವುದು ಸರಿಯಾದೀತು.

ಜನಾಭಿಪ್ರಾಯ ಬದಲಾಗುವುದು ಯುದ್ಧ ನಡೆಯುವಾಗ ಮಾತ್ರವಲ್ಲ, ಅದು ಹಿಂದಕ್ಕೂ ಹೋಗಿ ಬದಲಾಗುತ್ತದೆ. ಬ್ರಿಟನ್ನಿನಲ್ಲಿ ಯೂಗವ್ ಸಂಸ್ಥೆ 2003ರಲ್ಲಿ ನಡೆಸಿದ ಸಮೀಕ್ಷೆಗಳಲ್ಲಿ ಸರಾಸರಿ ಶೇ 54 ಮಂದಿ ಇರಾಕ್ ಕಾರ್ಯಾಚರಣೆ ಸರಿ ಎಂದಿದ್ದರು. ಅದೇ ಸಂಸ್ಥೆ 2015ರಲ್ಲಿ, ಆಗ ನೀವು ಏನೆಂದುಕೊಂಡಿದ್ದಿರಿ ಎಂದು ಕೇಳಿದಾಗ, ಸರಿ ಎಂದುಕೊಂಡಿದ್ದೆವು ಎಂದು ಒಪ್ಪಿಕೊಂಡವರು ಶೇ 37 ಮಾತ್ರ. ಅಷ್ಟೂ ಜನ ಬೇಕೆಂದೇ ಸುಳ್ಳು ಹೇಳಿದರೆಂದು ನನಗೆ ಅನ್ನಿಸುವುದಿಲ್ಲ. ಅನೇಕರು ತಮ್ಮ ಈಗಿನ ಮನಸ್ಸನ್ನೇ ಆಗಿನದೆಂದು ನಂಬಿರಬೇಕು. ಹಳೆಯ ಉತ್ತರಗಳು ದಾಖಲೆಯಲ್ಲಿ ಉಳಿದಿದ್ದರಿಂದ ಈ ವ್ಯತ್ಯಾಸ ಸಿಕ್ಕಿತು. ಗ್ಯಾಲಪ್ ಸಮೀಕ್ಷೆಗಳು ಶುರುವಾದದ್ದು 1935ರಲ್ಲಿ. ಅದಕ್ಕೆ ಹಿಂದಿನ ಯುದ್ಧಗಳಿಗೆ ನಮಗಿರುವ ಆಧಾರ ಆ ಕಾಲದ ಪತ್ರಿಕೆ, ಪತ್ರ, ಡೈರಿಗಳು ಮತ್ತು ಆಮೇಲೆ ಬರೆದ ನೆನಪುಗಳು. 1914ರ ಆಗಸ್ಟಿನಲ್ಲಿ ಯೂರೋಪಿನ ಜನ ಕುಣಿದಾಡುತ್ತ ಯುದ್ಧವನ್ನು ಸ್ವಾಗತಿಸಿದರು ಎಂಬ ಬಹುಕಾಲದ ವರ್ಣನೆಯನ್ನು ಇತಿಹಾಸಕಾರರು ಈಗ ಹಳ್ಳಿಗಳ ಮತ್ತು ಕಾರ್ಮಿಕರ ಕೇರಿಗಳ ದಾಖಲೆಗಳ ಎದುರಿಟ್ಟು, ಅದರಲ್ಲಿ ಬಹುಪಾಲು ದೊಡ್ಡ ನಗರಗಳ ಚೌಕಗಳಿಗಷ್ಟೇ ಸಲ್ಲುವ ಮಾತು ಎನ್ನುತ್ತಿದ್ದಾರೆ.