ಒಂದೂವರೆ ಇಂಚಿನ ನೆಲದೊಳಗೆ

ಬೆಂಗಳೂರಿನ ಹಳೆಯ ವಾಣಿಜ್ಯ ಕಟ್ಟಡಗಳಲ್ಲಿ ಡೇಟಾ ಕೇಬಲಿಂಗ್ ಮಾಡುವ ನಮ್ಮಂಥವರಿಗೆ ಎದುರಾಗುವ ದೊಡ್ಡ ತೊಡಕೆಂದರೆ ನೆಲ. ಫಾಲ್ಸ್ ಫ್ಲೋರಿಂಗ್ (ನಿಜವಾದ ನೆಲದಿಂದ ಎತ್ತರಿಸಿ ಕೂರಿಸಿದ ಟೈಲ್ ನೆಲ) ಇರುವ ಕಚೇರಿಯಲ್ಲಿ ಟೈಲ್ ಎತ್ತಿದರೆ ಕೈಯಾಡಿಸುವಷ್ಟು ಜಾಗ ಸಿಗುತ್ತದೆ. ಹಳೆಯ ಕಟ್ಟಡಗಳಲ್ಲಿ ಇರುವುದು ಸಿಮೆಂಟಿನಲ್ಲಿ ಹೂತುಹೋದ, 38 ಮಿ.ಮೀ. ಎತ್ತರದ ಜಿ.ಐ. ರೇಸ್‌ವೇ (ಕೇಬಲ್ ಸಾಗುವ, ಸತು ಲೇಪಿಸಿದ ಕಬ್ಬಿಣದ ತಗಡಿನ ಕೊಳವೆ) ಮತ್ತು ಅಲ್ಲಲ್ಲಿ ಒಂದೊಂದು ಜಂಕ್ಷನ್ ಬಾಕ್ಸ್ ಮಾತ್ರ. ರಿಚ್ಮಂಡ್ ರಸ್ತೆಯ ಬಳಿಯ ಒಂದು ಲೆಕ್ಕಪರಿಶೋಧಕರ ಕಚೇರಿಗೆ ಕಳೆದ ವರ್ಷ ಒಂದು ಶನಿವಾರ ಮಧ್ಯಾಹ್ನ ನನ್ನನ್ನು ಕರೆಸಿದ್ದು ಇಂಥದೇ ನೆಲದ ಕಾರಣಕ್ಕೆ.

ಕಿಟಕಿ ಬದಿಯ ಸಾಲಿನ ಕೆಲವು ಕಂಪ್ಯೂಟರುಗಳು ಗಿಗಾಬಿಟ್ (1000 ಎಂಬಿಪಿಎಸ್) ವೇಗದ ಬದಲು 100 ಎಂಬಿಪಿಎಸ್‌ಗೆ ಇಳಿದಿದ್ದವು. ಇನ್ನು ಕೆಲವಕ್ಕೆ ಆಗಾಗ ಸಂಪರ್ಕವೇ ತಪ್ಪುತ್ತಿತ್ತು. ಕಂಪ್ಯೂಟರುಗಳನ್ನು ಜಾಲಕ್ಕೆ ಸೇರಿಸುವ ಸ್ವಿಚ್ಚು, ಪ್ಯಾಚ್ ಕಾರ್ಡುಗಳೆಂಬ ಗಿಡ್ಡ ಜೋಡಣೆ ಕೇಬಲ್‌ಗಳು ಇವನ್ನೆಲ್ಲ ಅವರು ಆಗಲೇ ಬದಲಿಸಿ ನೋಡಿದ್ದರು. ಕೇಬಲ್‌ನೊಳಗಿನ ನಾಲ್ಕು ಜೋಡಿ ತಂತಿಗಳಲ್ಲಿ 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಆದ್ದರಿಂದ ವೇಗ ಹೀಗೆ ಇಳಿದಾಗ ನಾನು ಮೊದಲು ಅನುಮಾನಿಸುವುದು ಕೇಬಲನ್ನೇ. ಕೇಬಲ್ ಟೆಸ್ಟರ್ ಹಾಕಿದಾಗ, ಕೇಬಲ್‌ಗಳೆಲ್ಲ ಬಂದು ಸೇರುವ ಪ್ಯಾಚ್ ಪ್ಯಾನೆಲ್‌ನಿಂದ ಸುಮಾರು 23 ಮೀಟರ್ ದೂರದಲ್ಲಿ ಕಂದು ಬಣ್ಣದ ಜೋಡಿ ಕಡಿದಿದೆ ಎಂದು ತೋರಿಸಿತು. ರ‍್ಯಾಕ್‌ನಲ್ಲಿ ಸುತ್ತಿಟ್ಟ ಹೆಚ್ಚುವರಿ ಉದ್ದವನ್ನು ಕಳೆದು, ರೇಸ್‌ವೇ ಹೋದ ದಾರಿಯಲ್ಲೇ ಟೇಪು ಹಿಡಿದು ಅಳೆಯುತ್ತ ಹೋದೆವು. ಅಳತೆ ಮುಗಿದದ್ದು ಹೊಸದಾಗಿ ಹಾಕಿದ್ದ ಪಾರ್ಟಿಷನ್‌ನ ಬುಡದಲ್ಲಿ.

ಅಲ್ಲಿ ಕಾರ್ಪೆಟ್ ಟೈಲ್ ಕಿತ್ತು ಪಕ್ಕದ ಜಂಕ್ಷನ್ ಬಾಕ್ಸಿನ ಮುಚ್ಚಳ ತೆಗೆದು ಟಾರ್ಚ್ ಬಿಟ್ಟಾಗ, ಪಾರ್ಟಿಷನ್‌ಗೆ ಹೊಡೆದ ಸ್ಕ್ರೂವೊಂದು ರೇಸ್‌ವೇಯ ತಗಡನ್ನು ತೂರಿ ಕೇಬಲ್ ಕಟ್ಟಿನೊಳಗೆ ಇಳಿದಿರುವುದು ಕಂಡಿತು. ಅದರ ಮೊನೆಗೆ ನೀಲಿ ಹೊದಿಕೆಯ ಚೂರು ಸುತ್ತಿಕೊಂಡಿತ್ತು. ಕಿತ್ತುಬಂದ ತಾಮ್ರದ ಎಳೆಗಳು ಹಸಿರುಗಟ್ಟಿದ್ದವು. ಅದೇ ಬಾಕ್ಸಿನಲ್ಲಿ ಕರೆಂಟಿನ ವೈರುಗಳನ್ನು ಬೇರ್ಪಡಿಸುವ ತಗಡನ್ನೂ ಯಾರೋ ತೆಗೆದುಹಾಕಿದ್ದರಿಂದ ಅವು ಡೇಟಾ ಕೇಬಲ್‌ಗಳ ಮೇಲೆಯೇ ಹಾದುಹೋಗಿದ್ದವು. ಇದನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬಂತು, ಏಕೆಂದರೆ ಇದರಿಂದ ನೆಟ್‌ವರ್ಕ್ ಕೆಡುವುದಷ್ಟೇ ಅಲ್ಲ, ಕೆಲಸ ಮಾಡುವವನ ಕೈಗೂ ಅಪಾಯ.

ಕಡಿದ ಕೇಬಲ್‌ಗಳ ಜಾಗಕ್ಕೆ ಹೊಸದನ್ನು ಎಳೆಯೋಣವೆಂದರೆ ರೇಸ್‌ವೇಯಲ್ಲಿ ಸ್ಪ್ರಿಂಗ್ (ಕೇಬಲ್ ಎಳೆಯಲು ಮೊದಲು ತೂರಿಸುವ ಉದ್ದನೆಯ ತಂತಿ) ಕೂಡ ಮುಂದೆ ಹೋಗಲಿಲ್ಲ. ರೇಸ್‌ವೇಯಲ್ಲಿ ಡೇಟಾ ಕೇಬಲ್‌ಗಳಿಗೆ ಇರುವ ಭಾಗದ ಅಗಲ 75 ಮಿ.ಮೀ.; ಶೇ. 40ರಷ್ಟು ಮಾತ್ರ ತುಂಬಬೇಕೆಂಬ ವಾಡಿಕೆಯ ಪ್ರಕಾರ 6 ಮಿ.ಮೀ. ದಪ್ಪದ ಕ್ಯಾಟ್-6 (ತಾಮ್ರದ ನೆಟ್‌ವರ್ಕ್ ಕೇಬಲ್‌ನ ಒಂದು ದರ್ಜೆ) ಕೇಬಲ್‌ಗಳು ಅಲ್ಲಿ ಸುಮಾರು 40 ಹಿಡಿಯುತ್ತವೆ. ಒಳಗಿದ್ದದ್ದು ಅದಕ್ಕಿಂತ ಬಹಳ ಹೆಚ್ಚು. "ಅಣ್ಣಾ, ಇನ್ನೊಂದು ಸಲ ಜೋರಾಗಿ ಎಳೆದುಬಿಡೋಣ್ವಾ?" ಎಂದು ಜೊತೆಗಿದ್ದ ಹುಡುಗ ಕೇಳಿದ. ಬೇಡವೆಂದೆ. ಇಂಥ ಕೇಬಲ್‌ಗೆ ಎಳೆತದ ಮಿತಿ 110 ನ್ಯೂಟನ್, ಎಂದರೆ ಹೆಚ್ಚುಕಡಿಮೆ 11 ಕೆ.ಜಿ. ತೂಕದಷ್ಟು. ಅದನ್ನು ಮೀರಿದರೆ ಒಳಗಿನ ಜೋಡಿಗಳ ಹೆಣಿಗೆ ಸಡಿಲವಾಗುತ್ತದೆ, ಜೊತೆಗೆ ಪಕ್ಕದ ಒಳ್ಳೆಯ ಕೇಬಲ್‌ಗಳ ಹೊದಿಕೆಯೂ ಉಜ್ಜಿ ಹರಿಯುತ್ತದೆ. ಬಾಗುವಿಕೆಯ ವಿಷಯವೂ ಅಷ್ಟೇ ಮುಖ್ಯ: ಕೇಬಲ್ ದಪ್ಪದ ನಾಲ್ಕು ಪಟ್ಟು, ಎಂದರೆ 24 ಮಿ.ಮೀ. ತ್ರಿಜ್ಯವಾದರೂ ತಿರುವಿಗೆ ಬೇಕು. 38 ಮಿ.ಮೀ. ಎತ್ತರದಲ್ಲಿ ಮಲಗಿರುವ ಕೇಬಲನ್ನು ಫ್ಲೋರ್ ಬಾಕ್ಸಿಗೆ ಮೇಲೆತ್ತುವಾಗ ಅಷ್ಟನ್ನು ಉಳಿಸಿಕೊಳ್ಳುವುದೇ ಕಷ್ಟ. ಹಿಂದಿನವರು ಬಿಟ್ಟುಹೋದ ಕೇಬಲ್‌ಗಳು ಅಡಿಯಲ್ಲಿದ್ದರೆ ಅದು ಸಾಧ್ಯವೇ ಇಲ್ಲ.

ಆದ್ದರಿಂದ ಮೊದಲು ಆ ಸತ್ತ ಕೇಬಲ್‌ಗಳನ್ನು ತೆಗೆಯಬೇಕಾಯಿತು. ಕರೆಂಟ್ ಬಂದ್ ಮಾಡಿಸಿ, ಪ್ರತಿಯೊಂದಕ್ಕೂ ಟೋನರ್ (ಕೇಬಲ್‌ಗೆ ಸಂಕೇತ ಬಿಟ್ಟು ಅದನ್ನು ಗುರುತಿಸುವ ಸಾಧನ) ಹಾಕಿ ಯಾವುದು ಬಳಕೆಯಲ್ಲಿಲ್ಲ ಎಂಬುದನ್ನು ಖಚಿತಪಡಿಸಿಕೊಂಡು, ಜಂಕ್ಷನ್ ಬಾಕ್ಸಿನಿಂದ ಬಾಕ್ಸಿಗೆ ತುಂಡು ಮಾಡುತ್ತ ನಿಧಾನವಾಗಿ ಹೊರಗೆಳೆದೆವು. ಕೊನೆಯ ತುಂಡಿನ ತುದಿಗೆ ನೈಲಾನ್ ದಾರ ಕಟ್ಟಿ ಬಿಟ್ಟದ್ದರಿಂದ ಮುಂದಿನ ಎಳೆತಕ್ಕೆ ದಾರಿಯಾಯಿತು. "ಸೋಮವಾರ ಎಲ್ಲರೂ ಬರ್ತಾರೆ ಸರ್, ನೆಲ ಮಾತ್ರ ಒಡೀಬೇಡಿ" ಎಂದು ಕಚೇರಿಯ ಮ್ಯಾನೇಜರ್ ಮತ್ತೆ ಮತ್ತೆ ಬೇಡಿಕೊಳ್ಳುತ್ತಿದ್ದರು.

ಆ ಜಾಗದಲ್ಲಿ ಅಷ್ಟೊಂದು ತಾಮ್ರದ ಕೇಬಲ್‌ಗಳನ್ನು ಮತ್ತೆ ಹಾಕುವುದು ನನಗೆ ಸರಿ ಕಾಣಲಿಲ್ಲ. ಪ್ರತಿ ಮೇಜಿನಿಂದಲೂ ಸರ್ವರ್ ಕೋಣೆಗೆ ನೇರ ಕೇಬಲ್ ಇರಬೇಕೆಂಬ ಪದ್ಧತಿಯನ್ನು ಸಾಮಾನ್ಯವಾಗಿ ನಾನೂ ಒಪ್ಪುತ್ತೇನೆ. ಆದರೆ ನೆಲವೇ ಒಪ್ಪದ ಕಡೆ ಹಟ ಹಿಡಿಯಬಾರದು. ಕಿಟಕಿ ಬದಿಯ ಕಂಬಕ್ಕೆ ಸಣ್ಣ ರ‍್ಯಾಕ್ ಕೂರಿಸಿ, ಫ್ಯಾನಿಲ್ಲದ ಸ್ವಿಚ್ ಇಟ್ಟು, ಅದಕ್ಕೆ ಯುಪಿಎಸ್ ಸಾಲಿನಿಂದ ಕರೆಂಟ್ ಕೊಡಿಸಿ, ಸರ್ವರ್ ಕೋಣೆಯಿಂದ ಅಲ್ಲಿಗೆ ಎರಡು ಫೈಬರ್ ಕೇಬಲ್‌ಗಳನ್ನು ಎಳೆದೆವು. ಒಂದು ಬಳಕೆಗೆ, ಇನ್ನೊಂದು ಮೀಸಲಿಗೆ. ಬೆಳಕನ್ನು ಸಾಗಿಸುವ ಫೈಬರ್‌ಗೆ ಕರೆಂಟಿನ ವೈರುಗಳ ಕಿರುಕುಳ ತಟ್ಟದು. ರ‍್ಯಾಕ್‌ನಿಂದ ಮೇಜುಗಳಿಗೆ ಹೋದ ಗಿಡ್ಡ ಕ್ಯಾಟ್-6 ಕೇಬಲ್‌ಗಳು ಪಾರ್ಟಿಷನ್‌ನೊಳಗಿನ ದಾರಿಯಲ್ಲೇ ಸಾಗಿದವು. ಬಾಕ್ಸಿನಲ್ಲಿ ಬೇರ್ಪಡಿಸುವ ತಗಡನ್ನು ಮರಳಿ ಕೂರಿಸಿದೆವು.

ಭಾನುವಾರ ಸಂಜೆ ಪ್ರತಿ ಪೋರ್ಟನ್ನೂ ಟೆಸ್ಟರ್‌ನಲ್ಲಿ ಪರೀಕ್ಷಿಸಿ, ಲೇಬಲ್ ಅಂಟಿಸಿ, ರೇಸ್‌ವೇ ಹೋಗುವ ದಾರಿಯನ್ನು ಗೋಡೆಯಿಂದ ಇಷ್ಟು ಅಡಿ ಎಂದು ಅಳತೆ ಸಮೇತ ನಕ್ಷೆಯಲ್ಲಿ ಗುರುತಿಸಿದೆ. ಅದರ ಒಂದು ಪ್ರತಿ ಮ್ಯಾನೇಜರ್ ಬಳಿ ಇರಲಿ, ಇನ್ನೊಂದನ್ನು ಮುಂದೆ ಯಾವ ಬಡಗಿ ಬಂದರೂ ಡ್ರಿಲ್ ಎತ್ತುವ ಮೊದಲೇ ಕೈಗೆ ಕೊಡಿ ಎಂದು ಹೇಳಿ ಬಂದೆ.